ಸಿಡ್ನಿಯ ಬಡಾವಣೆಯಾದ ಕ್ಯಾಸಲ್‌ಕ್ರಾಗ್‌ನಲ್ಲಿ ರಸ್ತೆಗಳು ಅಷ್ಟೊಂದು ಸುತ್ತಿಬಳಸಿ ಹೋಗುವುದೇಕೆ?

ಅಲ್ಲಿ ಗುಡ್ಡ ಕಡಿದು ರಸ್ತೆ ನೇರ ಮಾಡಲಿಲ್ಲ, ಗುಡ್ಡದ ಮೈಗೆ ತಕ್ಕಂತೆ ರಸ್ತೆಯನ್ನೇ ಬಾಗಿಸಿದರು. ಕ್ಯಾನ್‌ಬೆರಾ ನಗರದ ನಕ್ಷೆ ಬರೆದ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ಕಂಪನಿ 1921ರಲ್ಲಿ ಮಿಡ್ಲ್ ಹಾರ್ಬರ್ ಎಂಬ ಸಮುದ್ರದ ಹಿನ್ನೀರಿನ ದಂಡೆಯ ಸುಮಾರು 650 ಎಕರೆ ಬಂಡೆಗಾಡನ್ನು ಕೊಂಡಿತು. ಮರಳುಗಲ್ಲಿನ ಕಡಿದಾದ ಇಳಿಜಾರಿನಲ್ಲಿ ನೇರ ರಸ್ತೆ ಎಳೆದರೆ ಬಂಡೆ ಒಡೆಯಬೇಕು, ಏರು ವಿಪರೀತ. ಒಂದೇ ಎತ್ತರದ ಗೆರೆ ಹಿಡಿದು ಸಾಗಿದರೆ ಎರಡೂ ತಪ್ಪುತ್ತವೆ, ಮರಗಳೂ ಉಳಿಯುತ್ತವೆ.

ಬಂಡೆಗಳು ಕೋಟೆಯಂತೆ ಕಾಣುವುದರಿಂದ ರಸ್ತೆಗಳ ಹೆಸರುಗಳೂ ಕೋಟೆಯವೇ: ದಿ ರ‍್ಯಾಂಪಾರ್ಟ್, ದಿ ಬ್ಯಾಸ್ಟಿಯನ್, ಎಂದರೆ ಕೋಟೆಗೋಡೆ, ಕೊತ್ತಲ.

ಇದು ಹೀಗೆಯೇ ಉಳಿದದ್ದಕ್ಕೆ ನಿಜವಾದ ಕಾರಣ ಕ್ರಯಪತ್ರ. ಮನೆಯ ವಿನ್ಯಾಸಕ್ಕೆ ಕಂಪನಿಯ ಒಪ್ಪಿಗೆ ಬೇಕೆಂಬ ಷರತ್ತು ಅದರಲ್ಲೇ ಇತ್ತು. ನಿವೇಶನಗಳ ಹಿಂದೆ ಎಲ್ಲರಿಗೂ ಸೇರಿದ ಹಸಿರು ಜಾಗ ಬಿಟ್ಟು, ಕಾಲುದಾರಿಗಳಿಂದ ಜೋಡಿಸಿದರು. ಮನೆಗಳು ಅಲ್ಲಿನ ಕಲ್ಲಿನವು, ಇಲ್ಲವೇ ‘ನಿಟ್‌ಲಾಕ್’ ಎಂಬ, ಒಂದಕ್ಕೊಂದು ಕಚ್ಚಿಕೊಳ್ಳುವ ಕಾಂಕ್ರೀಟ್ ಇಟ್ಟಿಗೆಯವು.

ಆದರೆ ಮಾರಾಟ ಕುಂಟಿತು. ನಗರಕ್ಕೆ ದಾರಿಯಾಗುವ ಸಿಡ್ನಿ ಹಾರ್ಬರ್ ಸೇತುವೆ ತೆರೆದದ್ದೇ 1932ರಲ್ಲಿ, ಅಲ್ಲಿಯವರೆಗೆ ನಗರಕ್ಕೆ ಹೋಗಲು ದೋಣಿ ಹಿಡಿಯಬೇಕಿತ್ತು. ಅಷ್ಟರಲ್ಲಿ ಆರ್ಥಿಕ ಮಹಾಕುಸಿತವೂ ಬಡಿದಿತ್ತು. ಗ್ರಿಫಿನ್ 1935ರಲ್ಲಿ ಲಖನೌಗೆ ಕೆಲಸಕ್ಕೆ ಬಂದು, 1937ರಲ್ಲಿ ಅಲ್ಲೇ ತೀರಿಕೊಂಡರು. ಈಗಿನ ಹೆಚ್ಚಿನ ಮನೆಗಳು ಆಮೇಲೆ ಬೇರೆಯವರು ಕಟ್ಟಿದವು. ಗ್ರಿಫಿನ್ ಕೈಯ ಗುರುತು ಕಾಣಬೇಕಾದರೆ ಮನೆಗಳಿಗಿಂತ ರಸ್ತೆಗಳನ್ನೇ ನೋಡಬೇಕು.