ಸಂಪಾದಕರ ಉತ್ತರ: ಮೊದಲು ಆ ಅಗ್ಗಿಷ್ಟಿಕೆ ಹೊರಗಿರಲಿ

ಮಾನ್ಯರೇ,

ಕಕ್ಕಡ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಅಂಚೆಯಾದ ನಿಮ್ಮ ಏಳು ಪುಟಗಳ ಪತ್ರ ಅಂಚೆಲ್ಲ ನೆಂದು ನನ್ನ ಕೈ ಸೇರಿತು. ಹೆಸರು ಮರೆಮಾಡಿ ಪ್ರಕಟಿಸಲು ನೀವು ಒಪ್ಪಿರುವುದರಿಂದ, ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ನೀವು ಕೊಡಗಿನ ವಿರಾಜಪೇಟೆಗೆ ವರ್ಗವಾಗಿ ಬಂದಿರಿ. ಬಾಡಿಗೆ ಮನೆ ಕೂಡಲೇ ಸಿಗಲಿಲ್ಲ. ನಿಮ್ಮ ಭಾವನವರು ಗುತ್ತಿಗೆಗೆ ಹಿಡಿದಿರುವ ಅಮ್ಮತ್ತಿ ಕಡೆಯ ಕಾಫಿ ತೋಟದಲ್ಲಿ, ಹತ್ತಾರು ವರ್ಷಗಳಿಂದ ಬೀಗ ಹಾಕಿದ್ದ, ಯುರೋಪಿಯನ್ ತೋಟಗಾರರ ಕಾಲದ ಹಳೆಯ ದೊರೆ ಬಂಗಲೆಯಲ್ಲಿ, ಹೆಂಡತಿ, ಮೂರನೆಯ ತರಗತಿಯ ಮಗ, ಐದು ತಿಂಗಳ ಹೆಣ್ಣುಮಗು ಮತ್ತು ತಾಯಿಯವರೊಂದಿಗೆ ಇಳಿದುಕೊಂಡಿರಿ. ಕುದುರೆಯಿಂದ ಬಿದ್ದು ಸತ್ತ ದೊರೆಯೊಬ್ಬ ಅಲ್ಲಿ ಓಡಾಡುತ್ತಾನೆ ಎಂದು ತೋಟದ ಲೆಕ್ಕಪತ್ರ ನೋಡುವ ರೈಟರ್ ಮೊದಲ ದಿನವೇ ಹೇಳಿದರು. ಅಡುಗೆಯ ಹೆಂಗಸು ಸಂಜೆ ಐದರ ಮೇಲೆ ಅಲ್ಲಿ ನಿಲ್ಲುವುದಿಲ್ಲ. ನಾಲ್ಕನೆಯ ರಾತ್ರಿಯಿಂದ ಅಟ್ಟದ ಮೇಲೆ ಹೆಜ್ಜೆ ಸಪ್ಪಳ, ಮರದ ಮೆಟ್ಟಿಲಿನಲ್ಲಿ ಬೂಟಿನ ಸದ್ದು, ಬೆಳಗಿನ ಜಾವ ಯಾರೋ ಸಿಳ್ಳೆ ಹಾಕುತ್ತಾ ತೋಟದೊಳಗೆ ನಡೆದುಹೋದಂತೆ. ಮಗನಿಗೆ ಬೆಳಿಗ್ಗೆ ಎದ್ದಾಗ ತಲೆನೋವು, ವಾಕರಿಕೆ. ನಿಮ್ಮ ಹೆಂಡತಿಗೆ ಒಂದು ರಾತ್ರಿ ಎಚ್ಚರವಾದಾಗ ಕೈಕಾಲು ಆಡಲಿಲ್ಲ, ಎದೆಯ ಮೇಲೆ ಯಾರೋ ಕುಳಿತಿದ್ದರು. ಇದನ್ನು ಕೇಳಿದ ನಿಮ್ಮ ತಾಯಿಯವರು, ಸೊಸೆಗೆ ಗಾಳಿ ಸೋಕಿದೆ, ಅಮಾವಾಸ್ಯೆಯ ದಿನ ಮಂತ್ರವಾದಿಯನ್ನು ಕರೆಸಬೇಕು ಎಂದು ಪಟ್ಟು ಹಿಡಿದಿದ್ದಾರೆ. ಭೂತ ಇದೆಯೇ, ಮನೆ ಬಿಡಬೇಕೇ ಎಂಬುದು ನಿಮ್ಮ ಪ್ರಶ್ನೆ.

ಪತ್ರದ ಐದನೆಯ ಪುಟದಲ್ಲಿ, ಬೇರೇನನ್ನೋ ಹೇಳುವ ನಡುವೆ, ನೀವು ಬರೆದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು: "ಮಗುವಿಗೆ ಶೀತವಾಗದಿರಲಿ ಎಂದು ಕೋಣೆಯ ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿ, ರಾತ್ರಿಯಿಡೀ ಇದ್ದಿಲ ಅಗ್ಗಿಷ್ಟಿಕೆ ಇಡುತ್ತೇವೆ, ಅದರ ಮೇಲೆ ಬುಟ್ಟಿ ಮಗುಚಿ ಮಗುವಿನ ಬಟ್ಟೆಗಳನ್ನೂ ಒಣಗಿಸುತ್ತೇವೆ." ಪತ್ರಿಕೆ ಅಚ್ಚಾಗಿ ನಿಮ್ಮ ಮನೆ ತಲುಪುವವರೆಗೆ ಕಾಯುವ ವಿಷಯ ಅದಾಗಿರಲಿಲ್ಲ. ಆದ್ದರಿಂದ ಅಂದೇ ಫೋನ್ ಮಾಡಿ, ಅಗ್ಗಿಷ್ಟಿಕೆಯನ್ನು ಈಗಲೇ ಹೊರಗಿಡಿ, ಕಿಟಕಿ ತೆರೆಯಿರಿ, ಮಕ್ಕಳಿಬ್ಬರನ್ನೂ ವೈದ್ಯರಿಗೆ ತೋರಿಸಿ ಎಂದು ಹೇಳಿದೆ. ನಾನು ದನಿ ಏರಿಸಿ ಮಾತನಾಡಿದ್ದಕ್ಕೆ ನೀವು ಬೇಸರಪಟ್ಟುಕೊಂಡಿಲ್ಲವೆಂದು ನಂಬಿದ್ದೇನೆ.

ಹಾಗೇಕೆ ಹೇಳಿದೆನೆಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಈ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಕೆಂಡವನ್ನು ಕೋಣೆಯೊಳಗೆ ಇಟ್ಟುಕೊಳ್ಳುವ ಮನೆ ನಿಮ್ಮದೊಂದೇ ಅಲ್ಲ. ಇದ್ದಿಲಿನಿಂದ ಹೊಗೆ ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ, ಆದ್ದರಿಂದ ಅದು ನಿರಪಾಯವೆಂದು ಎಲ್ಲರೂ ತಿಳಿದಿದ್ದಾರೆ. ಆದರೆ ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಉಸಿರಾಟ ಸರಾಗವಾಗಿ ನಡೆಯುತ್ತಿದ್ದರೂ ಮೆದುಳಿಗೆ ತಲುಪಬೇಕಾದ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಮಂಕು ಕವಿದಂತಾಗುವುದು ಇದರ ಮೊದಲ ಲಕ್ಷಣಗಳು. ಇಲ್ಲದ್ದು ಕಂಡಂತೆ, ಕೇಳಿದಂತೆ ಆಗುವುದೂ ಉಂಟು. ಹೆಚ್ಚಾದರೆ ಮಲಗಿದವರು ಮಲಗಿದಲ್ಲೇ ಉಳಿಯುತ್ತಾರೆ. ನಿಮ್ಮ ಮಗ ಜಗಲಿಗೆ ಬಂದು ಅರ್ಧ ಗಂಟೆ ಕುಳಿತರೆ ತಲೆನೋವು ಇಳಿಯುತ್ತಿತ್ತು ಎಂದು ಬರೆದಿದ್ದೀರಿ. ನಿಮ್ಮ ತಾಯಿಯವರು ಅದನ್ನು ಭೂತದ ಎಲ್ಲೆ ಹೊಸ್ತಿಲಿಗೆ ಮುಗಿಯುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಕಂಡರು. ನನಗೆ ಅದು ಹೊಸ್ತಿಲಿನಾಚೆ ಒಳ್ಳೆಯ ಗಾಳಿ ಇದೆ ಎಂಬುದಕ್ಕೆ ಸಾಕ್ಷಿಯಾಗಿ ಕಂಡಿತು.

ಇಂಥದೇ ಒಂದು ಕುಟುಂಬದ ವೃತ್ತಾಂತ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಅಮೆರಿಕದ ನೇತ್ರವೈದ್ಯ ವಿಲ್ಮರ್ ಅವರು 1921ರಲ್ಲಿ ಅಲ್ಲಿನ ನೇತ್ರವೈದ್ಯರ ಪತ್ರಿಕೆಯಲ್ಲಿ, ಎಚ್ ಎಂಬ ಒಂದಕ್ಷರದಿಂದಷ್ಟೇ ಗುರುತಿಸಿದ ಕುಟುಂಬವೊಂದರ ಅನುಭವವನ್ನು ಪ್ರಕಟಿಸಿದರು. 1912ರಲ್ಲಿ ಆ ಕುಟುಂಬ ಹಳೆಯ ದೊಡ್ಡ ಮನೆಯೊಂದಕ್ಕೆ ಬಂದಿತು. ಸ್ವಲ್ಪ ದಿನದಲ್ಲೇ ಮನೆಮಂದಿಗೆ ತಲೆನೋವು, ಆಯಾಸ. ಮಕ್ಕಳ ಮುಖ ಬಿಳಿಚಿಕೊಂಡಿತು. ರಾತ್ರಿ ಹೆಜ್ಜೆ ಸಪ್ಪಳ ಕೇಳಿಸಿತು, ಮಂಚದ ಬಳಿ ಯಾರೋ ನಿಂತಂತೆ ಕಂಡಿತು. ಕುಂಡದ ಗಿಡಗಳು ಕೂಡ ಬಾಡಿದವು. ಕೊನೆಗೆ ಪರೀಕ್ಷಿಸಿದಾಗ, ಮನೆಯನ್ನು ಬೆಚ್ಚಗಿಡುವ ಕುಲುಮೆ ಕೆಟ್ಟು, ಅದರ ಅನಿಲ ಹೊಗೆಗೂಡಿನಿಂದ ಹೊರಹೋಗುವ ಬದಲು ಕೋಣೆಗಳಿಗೆ ಹರಡುತ್ತಿತ್ತು. ಆ ಮನೆಯವರು ಸುಳ್ಳು ಹೇಳಲಿಲ್ಲ, ಅವರು ಹೇಡಿಗಳೂ ಅಲ್ಲ. ಕಂಡದ್ದನ್ನು ಕಂಡೆವೆಂದು ಹೇಳಿದರು, ಅಷ್ಟೆ. ನಿಮ್ಮ ಮನೆಯವರ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ರಕ್ತಪರೀಕ್ಷೆ ಆಗದೆ ಇದೇ ಕಾರಣ ಎಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಮೂರು ದಿನ ಕಳೆದು ನೀವೇ ಫೋನ್ ಮಾಡಿ ಮಗನ ತಲೆನೋವು ಪೂರ್ತಿ ನಿಂತಿದೆ ಎಂದಾಗ ನನಗೆ ಜೀವ ಬಂದಂತಾಯಿತು.

ಅದೇ ಫೋನಿನಲ್ಲಿ ನೀವು, ಬೂಟಿನ ಸದ್ದು ಮಾತ್ರ ನಿಂತಿಲ್ಲ ಎಂದಿರಿ. ಎಲ್ಲವೂ ಒಂದೇ ಕಾರಣದಿಂದ ಆಗುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಿಮ್ಮ ಅಮ್ಮತ್ತಿ ಕಡೆ ಅಷ್ಟಿಲ್ಲದಿದ್ದರೂ, ವರ್ಷಗಟ್ಟಲೆ ಮುಚ್ಚಿದ್ದ ಮನೆಯ ಮರಕ್ಕೆ ಆಷಾಢದ ತೇವವೇ ಸಾಕು. ತೇವ ಕುಡಿದು ಉಬ್ಬಿದ ಹಲಗೆ, ನೀವು ಒಲೆ ಹಚ್ಚಿ ಮನೆ ಬೆಚ್ಚಗೆ ಮಾಡಿದಾಗ ಒಣಗುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗುತ್ತದೆ, ಕುಗ್ಗುವಾಗ ಮೊಳೆ ಹಿಡಿದ ಜಾಗದಲ್ಲಿ ಟಕ್ಕೆನ್ನುತ್ತದೆ. ಮೆಟ್ಟಿಲಿನ ಹಲಗೆಗಳೆಲ್ಲ ಒಂದೇ ಅಳತೆಯವಾದ್ದರಿಂದ ಸದ್ದೂ ಒಂದೇ ಬಗೆಯದು, ಯಾರೋ ಏರುತ್ತಿರುವಂತೆ.

ಅಟ್ಟದ ಸಪ್ಪಳದ ವಿಷಯಕ್ಕೆ ನನ್ನ ಬಾಲ್ಯದ ಒಂದು ರಾತ್ರಿಯನ್ನು ಹೇಳಬೇಕು. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಹಬ್ಬಕ್ಕೆಂದು ಕುಟುಂಬದವರೆಲ್ಲ ಸೇರಿದ್ದಾಗ, ಮಕ್ಕಳೆಲ್ಲ ಸಾಲಾಗಿ ಮಲಗಿದ್ದ ಕೋಣೆಯ ಮೇಲೆ ಯಾರೋ ನಡೆದರು. ನಡೆದರು, ನಿಂತರು, ಏನನ್ನೋ ಎಳೆದರು. ನಾನು ಕಂಬಳಿಯೊಳಗೆ ಉಸಿರು ಬಿಗಿಹಿಡಿದು ಬೆವೆತಿದ್ದೆ. ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಗದರಲಿಲ್ಲ, ಅಣಕಿಸಲಿಲ್ಲ. ಲಾಂದ್ರ ಹಿಡಿದು ಏಣಿಯ ಮೇಲೆ ಮುಂದೆ ಹೋಗಿ ನನ್ನ ಕೈಹಿಡಿದು ಎಳೆದುಕೊಂಡರು. ಧೂಳು ಹಿಡಿದ ತೊಲೆಯ ಪಕ್ಕದಲ್ಲಿ, ಕಡಲೆಮಿಠಾಯಿಯ ತುಂಡಿನಂತೆ ಒಂದಕ್ಕೊಂದು ಅಂಟಿಕೊಂಡ ಕಾಫಿ ಬೀಜಗಳ ಒಣ ಹಿಕ್ಕೆ ಬಿದ್ದಿತ್ತು. ಹಣ್ಣಿನ ತಿರುಳು ಜೀರ್ಣವಾಗಿ ಬೀಜ ಮಾತ್ರ ಹಾಗೆಯೇ ಉಳಿದಿತ್ತು. "ಇಗೋ, ನಿನ್ನ ಭೂತ ನಮ್ಮ ತೋಟದ ಹಣ್ಣೇ ತಿಂದಿದೆ" ಎಂದರು ದೊಡ್ಡಪ್ಪ. ಅದು ಕಬ್ಬೆಕ್ಕು, ಪುನುಗುಬೆಕ್ಕಿನ ಜಾತಿಯದು. ಹಗಲೆಲ್ಲ ಹೆಂಚಿನ ಕೆಳಗೆ ಮಲಗಿ ಕತ್ತಲಾದ ಮೇಲೆ ಹೊರಡುವ ಪ್ರಾಣಿ. ತೂಕಕ್ಕೆ ಹೆಚ್ಚಿಲ್ಲದಿದ್ದರೂ ಹಳೆಯ ಹಲಗೆಯ ಮೇಲೆ ಅದರ ನಡಿಗೆ ಆಳು ನಡೆದಂತೆಯೇ ಕೇಳುತ್ತದೆ. ನೀವೂ ಒಂದು ಸಂಜೆ ಒಲೆಯ ಬೂದಿಯನ್ನು ಜರಡಿ ಹಿಡಿದು ಅಟ್ಟದ ಹಲಗೆಯ ಮೇಲೆ ತೆಳ್ಳಗೆ ಹರಡಿ, ಬೆಳಿಗ್ಗೆ ನೋಡಿ. ಮನೆಯ ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳಿನ ಗುರುತು ಕಂಡರೆ ಕಬ್ಬೆಕ್ಕಿನದರಲ್ಲಿ ಐದು ಕಾಣುತ್ತದೆ. ದಯವಿಟ್ಟು ಅದನ್ನು ಹಿಡಿಯಲು, ಕೊಲ್ಲಲು ಹೋಗಬೇಡಿ. ಅದು ಹೊರಗೆ ಹೋಗಿರುವ ರಾತ್ರಿಯ ಹೊತ್ತಿನಲ್ಲಿ, ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡು, ಒಡೆದ ಹೆಂಚನ್ನು ಬದಲಿಸಿದರೆ ಸಾಕು.

ಬೆಳಗಿನ ಜಾವದ ಸಿಳ್ಳೆಗೆ ಆಮೇಲೆ ಬರುತ್ತೇನೆ.

ನಿಮ್ಮ ಹೆಂಡತಿಯವರ ಎದೆಯ ಮೇಲಿನ ಭಾರದ ಬಗ್ಗೆ ಅವರೇ ಓದಲಿ ಎಂದು ಬರೆಯುತ್ತಿದ್ದೇನೆ. ಅಮ್ಮಾ, ಕನಸು ಬೀಳುವ ನಿದ್ರೆಯಲ್ಲಿ ನಮ್ಮ ಸ್ನಾಯುಗಳು ತಾವಾಗಿಯೇ ಸಡಿಲವಾಗುತ್ತವೆ, ಕನಸಿನಲ್ಲಿ ಓಡಿದರೂ ಕಾಲು ಓಡದಿರಲಿ ಎಂದು. ಕೆಲವೊಮ್ಮೆ ಮನಸ್ಸು ಎಚ್ಚರವಾದರೂ ದೇಹ ಆ ಸ್ಥಿತಿಯಿಂದ ಹೊರಬಂದಿರುವುದಿಲ್ಲ. ಆಗ ಕಣ್ಣು ತೆರೆದಿದ್ದರೂ ಕೈ ಏಳುವುದಿಲ್ಲ, ಕೂಗಲಾಗುವುದಿಲ್ಲ, ಎದೆ ಬಿಗಿಯುತ್ತದೆ, ಕೋಣೆಯಲ್ಲಿ ಯಾರೋ ಇದ್ದಾರೆ ಎಂಬ ಅನುಭವ ಬಹಳ ಸ್ಪಷ್ಟವಾಗಿರುತ್ತದೆ. ಕೆಲವು ಕ್ಷಣ, ಹೆಚ್ಚೆಂದರೆ ಒಂದೆರಡು ನಿಮಿಷದಲ್ಲಿ ಅದು ತಾನೇ ಬಿಡುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗಿದವರಿಗೆ ಇದು ಹೆಚ್ಚು. ಐದು ತಿಂಗಳ ಕೂಸಿಗೆ ಹಾಲೂಡಿಸಲು ರಾತ್ರಿಗೆ ನಾಲ್ಕು ಬಾರಿ ಏಳುವ ನಿಮಗೆ ಹೀಗಾದದ್ದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ, ನಿಮ್ಮ ಮೈಗೆ ಯಾವುದೂ ಸೋಕಿಲ್ಲ. ನಿಮಗೆ ಬೇಕಾಗಿರುವುದು ನಾಲ್ಕು ರಾತ್ರಿಯ ತುಂಬು ನಿದ್ದೆ. ಆದರೆ ಮನಸ್ಸು ಸದಾ ಮಂಕಾಗಿದ್ದರೆ, ಅಳು ತಡೆಯಲಾಗದಿದ್ದರೆ, ಹಗಲಿನಲ್ಲೂ ದನಿಗಳು ಕೇಳಿಸಿದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಅದೂ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಇನ್ನು ಮಂತ್ರವಾದಿಯ ಮಾತು. ಇಲ್ಲಿ ನಾನು ಮೆತ್ತಗೆ ಬರೆಯಲಾರೆ. ಮನೆಯಲ್ಲಿ ಭೂತವಿದೆ ಎಂಬ ಮಾತು ಒಮ್ಮೆ ಹುಟ್ಟಿದರೆ ಅದು ಗೋಡೆಯ ಮೇಲೆ ನಿಲ್ಲುವುದಿಲ್ಲ. ಮನೆಯಲ್ಲಿ ಯಾರ ಮಾತಿಗೆ ಬೆಲೆ ಕಡಿಮೆಯೋ ಅವರ ಮೈಮೇಲೆ ಬಂದು ಕೂರುತ್ತದೆ, ಮತ್ತು ಅದು ಹೆಚ್ಚಾಗಿ ಸೊಸೆಯ ಮೈಮೇಲೆಯೇ. ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ವಾಮಾಚಾರ ಪ್ರತಿಬಂಧಕ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ತಾಯಿಯವರು ಗೊತ್ತುಮಾಡಿರುವವರು ಹಾಗೇನೂ ಮಾಡುವುದಿಲ್ಲ, ಧೂಪ ಹಾಕಿ ಮಂತ್ರ ಹೇಳುತ್ತಾರಷ್ಟೆ ಎಂದು ಬರೆದಿದ್ದೀರಿ. ಧೂಪ ಹಾಕಲು ಕೆಂಡ ಬೇಕು. ನಾವು ಇಷ್ಟು ಕಷ್ಟಪಟ್ಟು ಹೊರಗಿಟ್ಟ ಕೆಂಡವನ್ನು ಅವರು ಬಾಗಿಲು ಮುಚ್ಚಿದ ಅದೇ ಕೋಣೆಗೆ, ಅದೇ ಮಗುವಿನ ಪಕ್ಕಕ್ಕೆ ತರುತ್ತಾರೆ. ಬೇಡ. ಇದನ್ನು ಹೇಳಬೇಕಾದವರು ನೀವು, ನಿಮ್ಮ ಹೆಂಡತಿಯಲ್ಲ.

ಹಾಗೆಂದು ತಾಯಿಯವರನ್ನು ಮೂಢರೆಂದು ಕರೆಯಬೇಡಿ. ಮೊಮ್ಮಕ್ಕಳ ಮೇಲಿನ ಜೀವದಿಂದಲೇ ಅವರು ಹೆದರಿದ್ದಾರೆ. ಅವರಿಗೆ ಈ ನಾಡಿನ ಒಂದು ರೂಢಿಯನ್ನು ತಿಳಿಸಿ. ಕೊಡವರ ಐನ್‌ಮನೆಗಳಲ್ಲಿ ಸತ್ತ ಹಿರಿಯನನ್ನು ಓಡಿಸುವುದಿಲ್ಲ. ಕುಟುಂಬದ ಮೂಲಪುರುಷನಾದ ಕಾರಣವನಿಗೆ ಮನೆಯ ಬಳಿಯೇ ಕೈಮಡ ಎಂಬ ಪುಟ್ಟ ಗುಡಿ ಕಟ್ಟಿ, ಕಾರಣಂಗ್ ಕೊಡ್ಪ (ಹಿರಿಯನಿಗೆ ಕೊಡುವುದು) ಎಂದು ಮಾಂಸದಡುಗೆ, ಮದ್ಯ ಎಡೆಯಿಡುತ್ತಾರೆ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಮುಂದೆ ಅವನನ್ನು ನೆನೆಯುತ್ತಾರೆ. ಆ ನಂಬಿಕೆಯನ್ನು ನೀವು ಒಪ್ಪಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಸತ್ತವರೆಂದರೆ ಬೆತ್ತ ಹಿಡಿದು ಅಟ್ಟಬೇಕಾದ ಶತ್ರುಗಳು ಎಂಬ ಭಾವನೆ ಅಲ್ಲಿಲ್ಲ. ತಾಯಿಯವರು ಸಂಜೆ ತಲೆಬಾಗಿಲಲ್ಲಿ ದೀಪ ಹಚ್ಚಿ ಕೈಮುಗಿಯಲಿ. ಅದರಿಂದ ಯಾರಿಗೂ ಕೇಡಿಲ್ಲ, ಅವರ ಮನಸ್ಸಿಗೂ ಸಮಾಧಾನ.

ಆ ದೊರೆ ಯಾರು? ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯಲ್ಲಿ ಶುರುವಾದದ್ದು 1854ರಲ್ಲಿ. ಆಮೇಲೆ ಬಂದವರಲ್ಲಿ ಎಷ್ಟೋ ಮಂದಿ ಮಲೇರಿಯಾಕ್ಕೆ ಬಲಿಯಾಗಿ, ತಮ್ಮವರ ಮುಖವನ್ನು ಮತ್ತೆ ನೋಡದೆ ಇಲ್ಲಿಯೇ ಮಣ್ಣಾದರು. ನಾನು ಈ ಜಿಲ್ಲೆಯಲ್ಲಿ ಕೇಳಿರುವ ದೊರೆ ಬಂಗಲೆಯ ಕಥೆಗಳಲ್ಲಿ ಮಾತ್ರ ದೊರೆ ಜ್ವರದಿಂದ ಸಾಯುವುದೇ ಇಲ್ಲ. ಯಾವಾಗಲೂ ಕುದುರೆಯಿಂದ ಬೀಳುತ್ತಾನೆ, ಯಾವಾಗಲೂ ಬೂಟು ಹಾಕಿರುತ್ತಾನೆ, ಅವನಿಗೆ ಹೆಸರಿಲ್ಲ, ಸತ್ತ ಇಸವಿಯಿಲ್ಲ. ನಿಮ್ಮ ರೈಟರ್ ಅವರನ್ನು ಹೆಸರು ಕೇಳಿ ನೋಡಿ.

ಮನೆ ಬಿಡಬೇಕೇ ಎಂದರೆ, ಭೂತಕ್ಕಾಗಿ ಬೇಡ. ಆದರೆ ಗೋಡೆಯ ಬೂಷ್ಟು ಮಗುವಿನ ಎದೆಗೆ ಒಳ್ಳೆಯದಲ್ಲ. ವಿರಾಜಪೇಟೆಯಲ್ಲಿ ಗಾಳಿ ಬೆಳಕಿನ ಮನೆ ಸಿಕ್ಕ ದಿನ ಹೋಗಿಬಿಡಿ. ಅಲ್ಲಿಯವರೆಗೆ ಹೊಗೆಗೂಡನ್ನು ಶುಚಿ ಮಾಡಿಸದೆ ಬೆಂಕಿಗೂಡಿನಲ್ಲಿ ಸೌದೆ ಹಚ್ಚಬೇಡಿ, ಬಟ್ಟೆಯನ್ನು ಅಡುಗೆಮನೆಯ ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಒಣಗಿಸಿ.

ಪತ್ರದ ಕೊನೆಯಲ್ಲಿ ನಿಮ್ಮ ಮಗ ಪೆನ್ಸಿಲಿನಿಂದ, ನಿಮಗೆ ತಿಳಿಯದಂತೆ ಇರಬೇಕು, ಒಂದು ಸಾಲು ಬರೆದಿದ್ದಾನೆ: "ದೊರೆ ಸಿಳ್ಳೆ ಹಾಕಿ ಯಾರನ್ನ ಕರೀತಾನೆ?" ಅವನಿಗೆ ಹೇಳಿ: ಅದು ದೊರೆಯಲ್ಲ ಪುಟ್ಟಾ, ಹಕ್ಕಿ. ಇಂಗ್ಲಿಷಿನಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಎನ್ನುತ್ತಾರೆ. ಮಳೆಗಾಲದಲ್ಲಿ ಹಳ್ಳದ ಬದಿಯಲ್ಲಿ ಗೂಡು ಕಟ್ಟಿ, ಬೆಳಕು ಹರಿಯುವ ಮೊದಲೇ, ರಾಗ ಮರೆತ ಹುಡುಗ ಹಾದಿಯಲ್ಲಿ ಸಿಳ್ಳೆ ಹಾಕಿಕೊಂಡು ಹೋದಂತೆ ಹಾಡುತ್ತದೆ. ಅದು ಕರೆಯುವುದು ತನ್ನ ಜೊತೆಯ ಹಕ್ಕಿಯನ್ನು. ನಾಳೆ ಬೆಳಿಗ್ಗೆ ಅಪ್ಪನ ಜೊತೆ ಜಗಲಿಗೆ ಬಂದು ಸದ್ದು ಮಾಡದೆ ಕುಳಿತುಕೋ. ಮೊದಲು ಕಪ್ಪಗೆ ಕಾಣುತ್ತದೆ. ಬೆಳಕು ಬಿದ್ದಾಗ ಹಣೆಯ ಮೇಲೆ, ಹೆಗಲ ಮೇಲೆ ನೀಲಿ ಹೊಳೆಯುತ್ತದೆಯೇ ನೋಡಿ, ನನಗೆ ಬರಿ.

ನಿಮ್ಮ,
ಸಂಪಾದಕ