ಡಿಶ್‌ವಾಶರ್ ಯಾವುದಾದರೂ ಆಗಲಿ, ಪೈಪ್ ಮಾತ್ರ ಬಾಳೆ ಬುಡಕ್ಕೆ ಬಿಡಬೇಡಿ

ಅಣ್ಣಾ, ಅಡ್ವಾನ್ಸ್ ಕೊಟ್ಟಾಗಿಲ್ಲ ಅಲ್ವಾ? ಹಾಗಾದರೆ ಇದನ್ನು ಓದಿ. ಉದ್ದ ಆಗುತ್ತದೆ, ಬೇಸರ ಮಾಡಬೇಡಿ. ಕೃಷಿ ಗುಂಪಿನಲ್ಲಿ ಪಾತ್ರೆ ತೊಳೆಯುವ ಮೆಷಿನ್ ಎಂತಕ್ಕೆ ಎಂದು ಅಡ್ಮಿನ್ ಕೂಡ ಬೈಯಬೇಡಿ. ಅಡಿಕೆಯ ಕೊಳೆರೋಗದ ಮಾತು ಮಳೆ ಹಿಡಿದ ಮೇಲೆ ಹೇಗೂ ಇದ್ದೇ ಇದೆ.

ಮುಳ್ಳೇರಿಯದ ನೀವು ಕೇಳಿದ್ದು ಇಷ್ಟು. ಮಂಗಳೂರಿನ ಅಂಗಡಿಯಲ್ಲಿ ಎರಡು ಡಿಶ್‌ವಾಶರ್ ನೋಡಿದ್ದೀರಿ. ಒಂದು 46 ಸಾವಿರ, ಇನ್ನೊಂದು 92 ಸಾವಿರ. ಜಾಸ್ತಿ ದುಡ್ಡಿಗೆ ಜಿಯೋಲೈಟ್ ಡ್ರೈಯಿಂಗ್, ವೈಫೈ, ಚಮಚಕ್ಕೆ ಮೂರನೇ ರ‍್ಯಾಕ್, ಶಬ್ದ ಕಡಿಮೆ. ದುಬಾರಿಯದ್ದು ತೆಗೆಯಬಹುದಾ ಎಂದು ಪ್ರಶ್ನೆ. ಕೆಳಗೆ ಎಲ್ಲರೂ ಬ್ರಾಂಡ್ ಹೆಸರು ಹಾಕಿ ಹೋಗಿದ್ದಾರೆ. ನನ್ನ ಕಣ್ಣು ಬಿದ್ದದ್ದು ನಿಮ್ಮ ಕೊನೆಯ ಸಾಲಿಗೆ. ಅಡುಗೆಕೋಣೆ ಎತ್ತರದಲ್ಲಿದೆ, ಡ್ರೈನ್ ಪೈಪನ್ನು ಗೋಡೆಯಿಂದ ಹೊರಗೆ ತೆಗೆದು ನೇರ ಕೆಳಗಿನ ಬಾಳೆ ಬುಡಕ್ಕೆ ಬಿಡುತ್ತೇವೆ, ನೀರು ಹಾಳಾಗುವುದಿಲ್ಲ ಎಂದು ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ನಾಲ್ಕು ವರ್ಷದ ಹಿಂದೆ ಇದೇ ಬುದ್ಧಿವಂತಿಕೆ ನಾನು ಮಾಡಿದ್ದೆ.

ನಮ್ಮದು ಕಾಸರಗೋಡಿನ ಬಾಯಾರು ಕಡೆ, ಗುಡ್ಡದ ಬದಿಯ ಮನೆ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ನಾನೂ ದುಬಾರಿಯದ್ದೇ ತಂದೆ. ಡ್ರೈನ್ ಪೈಪನ್ನು ಹೊರಗೆ ತೆಗೆದು ನಾಲ್ಕು ಅಡಿ ಕೆಳಗಿನ ಬಾಳೆಗೆ ಬಿಟ್ಟೆ. ಮೊದಲ ದಿನ ಮೆಷಿನ್ ನೀರು ತೆಗೆದುಕೊಂಡಿತು, ಗುರ್ ಎಂದಿತು, ಮೊದಲ ಕೊಳೆನೀರನ್ನು ಹೊರಗೆ ದೂಡಿತು. ಆಮೇಲೆ ಪುನಃ ನೀರು ತುಂಬಬೇಕು. ತುಂಬುತ್ತಲೇ ಇತ್ತು. ಕಾಲು ಗಂಟೆ ಕಳೆದ ಮೇಲೆ ಪೀಂ ಪೀಂ ಎಂದು ಎರರ್. ಮೆಕ್ಯಾನಿಕ್ ಬರಲು ಒಂಬತ್ತು ದಿನ. ಬಂದವನು ಡ್ರೈನ್ ಪಂಪ್ ಹೋಗಿದೆ ಎಂದ, ಹೊಸತು ಹಾಕಿದ. ಅವನ ಬೈಕು ಗೇಟು ದಾಟುವಷ್ಟರಲ್ಲಿ ಪುನಃ ಪೀಂ ಪೀಂ. ಎರಡನೇ ಸಲ ಬಂದು ನೀರು ಬರುವ ವಾಲ್ವ್ ಸರಿ ಇಲ್ಲ ಎಂದ. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುವುದು, ನಾನು ಮೆಷಿನ್‌ನ ಮುಖ ನೋಡುವುದು.

ಒಂದು ಸಂಜೆ ಅದು ಓಡುತ್ತಿರುವಾಗ ನಾನು ಎಲೆ ಕೊಯ್ಯಲು ಬಾಳೆ ಬುಡಕ್ಕೆ ಹೋದೆ. ಪೈಪಿನ ಬಾಯಿಯಿಂದ ಬೆರಳು ದಪ್ಪಕ್ಕೆ ನೀರು ಬೀಳುತ್ತಾ ಇದೆ. ನೊರೆ ಇಲ್ಲ, ಅನ್ನದ ಅಗುಳಿಲ್ಲ, ತಿಳಿ ನೀರು. ಯಾವ ಪಾತ್ರೆಯನ್ನೂ ಮುಟ್ಟದ ನೀರು. ಆಗ ಹೊಳೆಯಿತು. ಮೇಲಿನ ಕೆರೆಯಿಂದ ಕಟ್ಟಪುಣಿ (ಬದು) ದಾಟಿಸಿ ಕೆಳಗಿನ ತೋಟಕ್ಕೆ ಪೈಪನ್ನು ಬಾಯಲ್ಲಿ ಎಳೆದು ನೀರು ಹಾಯಿಸುತ್ತಾ ಬೆಳೆದವ ನಾನು. ಮನೆಯೊಳಗೆ ಅದೇ ಸೈಫನ್ ಆಗುತ್ತಾ ಇದ್ದರೆ ಗೊತ್ತಾಗಲಿಲ್ಲ! ಪಂಪ್ ಒಮ್ಮೆ ದೂಡಿ ಪೈಪ್ ತುಂಬಿತೋ, ಆಮೇಲೆ ಒಳಗೆ ಬಂದ ಹೊಸ ನೀರೆಲ್ಲ ತಾನಾಗಿ ಅದರ ಹಿಂದೆಯೇ ಇಳಿದು ಹೋಗುತ್ತದೆ.

ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಪೈಪನ್ನು ಮೆಷಿನ್‌ನ ಹಿಂದೆ ಮೇಲಕ್ಕೆ ಎತ್ತಿ ಕೊಕ್ಕೆಯ ಹಾಗೆ ಕಟ್ಟಿದೆ, ಇನ್ನು ಸರಿಯಾಯಿತು ಎಂದುಕೊಂಡೆ. ಆಗಲಿಲ್ಲ. ಕಟ್ಟಪುಣಿ ಹತ್ತಿ ಇಳಿಯುವ ಸೈಫನ್‌ಗೆ ಎರಡು ಅಡಿ ಕೊಕ್ಕೆ ಎಂತ ಲೆಕ್ಕ? ಪೈಪಿನೊಳಗೆ ಗಾಳಿ ಹೋಗಬೇಕು, ಆಗ ಮಾತ್ರ ಅದು ಕಡಿಯುವುದು. ಕೊನೆಗೆ ಮಾಡಿದ್ದು ಹೀಗೆ. ಮೆಷಿನ್‌ನ ಹಿಂದೆ ಗೋಡೆಗೆ ಒಂದೂವರೆ ಇಂಚಿನ ಪಿವಿಸಿ ಪೈಪ್ ನೆಟ್ಟಗೆ ನಿಲ್ಲಿಸಿ, ಅದರ ಮೇಲಿನ ಬಾಯಿ ನೆಲದಿಂದ ಎರಡು ಅಡಿ ಎತ್ತರಕ್ಕೆ ಬರುವ ಹಾಗೆ ಇಟ್ಟೆ. ಡ್ರೈನ್ ಪೈಪಿನ ತುದಿಯನ್ನು ಆ ಬಾಯಿಯೊಳಗೆ ನಾಲ್ಕು ಬೆರಳು ಸಡಿಲವಾಗಿ ಇಳಿಬಿಟ್ಟೆ. ಟೇಪ್ ಸುತ್ತಿ ಬಿಗಿ ಮಾಡಬೇಡಿ, ಸುತ್ತಲೂ ಗಾಳಿ ಆಡಬೇಕು. ಪಿವಿಸಿಯ ಕೆಳಗಿನ ತುದಿ ಬಾಳೆಗೆ ಹೋಗಲಿ, ತೆಂಗಿಗೆ ಹೋಗಲಿ, ತೊಂದರೆ ಇಲ್ಲ. ಖರ್ಚು 400 ರೂಪಾಯಿ. ಅಂದಿನಿಂದ ಇಂದಿನವರೆಗೆ ಪೀಂ ಇಲ್ಲ. ಆದರೆ ಅದೇ ಒಂದು ಬಾಳೆಗೆ ವರ್ಷವಿಡೀ ಬಿಡಬೇಡಿ. ಆ ಪುಡಿಯಲ್ಲಿ ಸೋಡಾ ಇರುತ್ತದೆ, ನನ್ನ ಮೊದಲ ಬಾಳೆಯ ಎಲೆಯ ಅಂಚು ಕರಟಿತು. ಈಗ ತೆಂಗು, ಬಾಳೆ, ಕೆಸು ಎಂದು ಪೈಪಿನ ಬಾಯಿ ತಿರುಗಿಸುತ್ತಾ ಇರುತ್ತೇನೆ.

ಇಷ್ಟುದ್ದ ಹೇಳಿದ್ದು ಎಂತಕ್ಕೆ ಎಂದರೆ, ಆ 92 ಸಾವಿರದ ಮೆಷಿನ್ ಕೂಡ ಹೀಗೆಯೇ ಪೀಂ ಎನ್ನುತ್ತದೆ. ದುಬಾರಿಯದ್ದು ಎಂದು ನಿಮ್ಮ ಮನೆಯ ಪೈಪ್ ಲೈನನ್ನು ಅದು ಸರಿ ಮಾಡಿಕೊಡುವುದಿಲ್ಲ.

ಟ್ಯಾಂಕ್ ಎಲ್ಲಿದೆ ಎಂದು ನೀವು ಬರೆದಿಲ್ಲ. ಹಂಚಿನ ಮನೆಯಾದರೆ ಅಟ್ಟದ ಮಟ್ಟಕ್ಕೆ ಇರಬಹುದು. ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಪ್ರೆಶರ್. ಹೆಚ್ಚಿನ ಮೆಷಿನ್‌ಗಳ ಪುಸ್ತಕದಲ್ಲಿ ಕಡಿಮೆ ಎಂದರೆ 0.5 ಬಾರ್ ಬೇಕು ಎಂದು ಇರುತ್ತದೆ. ಎಂದರೆ ಟ್ಯಾಂಕ್ ನಳ್ಳಿಗಿಂತ ಐದು ಮೀಟರ್ ಮೇಲೆ ಇರಬೇಕು. ಇಲ್ಲದಿದ್ದರೆ ಸಣ್ಣ ಪ್ರೆಶರ್ ಪಂಪ್ ಹಾಕಿ. ಗುಡ್ಡದ ಮೇಲಿನ ಟ್ಯಾಂಕ್ ಆದರೆ ನೀವು ಪುಣ್ಯವಂತರು.

ಇನ್ನು ಕರೆಂಟ್. ಜನವರಿಯಿಂದ ಮೇ ತನಕ ಸಂಜೆ ಎಲ್ಲರ ತೋಟದ ಪಂಪ್ ಓಡುವಾಗ ನಮ್ಮಲ್ಲಿ 180 ವೋಲ್ಟ್ ಕಂಡದ್ದಿದೆ. ನಿಮ್ಮಲ್ಲಿ? ಹೀಟರ್‌ನ ಬಿಸಿ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಇಳಿಯುತ್ತದೆ. 230ಕ್ಕೆ 2000 ವಾಟ್ ಕೊಡುವ ಹೀಟರ್ 180ಕ್ಕೆ 1200ರ ಆಸುಪಾಸು ಕೊಡುತ್ತದೆ, ಅಷ್ಟೇ. ವಾಶ್ ಮುಗಿಯಲು ಹೊತ್ತು ಜಾಸ್ತಿ ಹಿಡಿಯುತ್ತದೆ. ನಾನು ಹಗಲು ಹನ್ನೊಂದಕ್ಕೆ ಹಾಕುತ್ತೇನೆ, ತೊಂದರೆಯೇ ಇಲ್ಲ. 16 ಆಂಪಿಯರ್ ಸಾಕೆಟಿಗೆ ಬೇರೆಯೇ ಲೈನ್, ಒಳ್ಳೆಯ ಅರ್ತ್ ಬೇಕೇ ಬೇಕು. ಮಿಕ್ಸಿಯ ಪ್ಲಗ್ಗಿನಿಂದ ಎಕ್ಸ್‌ಟೆನ್ಶನ್ ಎಳೆದವರ ಫೋಟೋ ಮೊನ್ನೆ ಈ ಗುಂಪಿನಲ್ಲೇ ನೋಡಿದೆ. ಮನೆ ಸುಡಬೇಕಾ ಮಾರಾಯ್ರೇ? ಎಪ್ರಿಲ್ ಮೇ ತಿಂಗಳ ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಂಗಡಿಗೆ ಪುನಃ ಹೋಗುವ ಮೊದಲು ಒಂದು ಕೆಲಸ ಮಾಡಿ. ಅಡುಗೆಕೋಣೆಯ ನೆಲದಲ್ಲಿ ಸೀಮೆಸುಣ್ಣದಿಂದ 50 ಸೆಂಟಿಮೀಟರ್ ಉದ್ದಗಲದ ಎರಡು ಚೌಕ ಎಳೆಯಿರಿ. ರ‍್ಯಾಕ್‌ನಲ್ಲಿ ಸಿಗುವ ಜಾಗ ಹೆಚ್ಚುಕಡಿಮೆ ಅಷ್ಟೇ. ಮಧ್ಯಾಹ್ನದ ಊಟ ಆದ ಮೇಲೆ ಎಲ್ಲ ಪಾತ್ರೆಯನ್ನು ಒಂದಕ್ಕೊಂದು ಮುಟ್ಟದ ಹಾಗೆ ಅದರೊಳಗೆ ಕವುಚಿ ಇಡಿ. ಒಂದರ ಮೇಲೊಂದು ಇಟ್ಟರೆ ಲೆಕ್ಕವಿಲ್ಲ. ಒಂದು ವಾರ ಮಾಡಿ. ನಮ್ಮಲ್ಲಿ ಮೊದಲ ದಿನವೇ ಕಂಡದ್ದು ಇದು: ಅನ್ನದ ಚೆರಿಗೆ ಒಂದೇ ಅರ್ಧ ಚೌಕ ತಿಂದಿತು. ಕಾವಲಿ ಹಾಕುವ ಹಾಗಿಲ್ಲ, ಹದ ಎಲ್ಲ ಹೋಗಿ ತುಕ್ಕು ಹಿಡಿಯುತ್ತದೆ. ಕಂಚಿನ ಉರುಳಿ, ಹಿತ್ತಾಳೆ ತಂಬಿಗೆ ಹಾಕುವ ಹಾಗಿಲ್ಲ, ಅವಕ್ಕೆ ಹುಣಸೆ ಹುಳಿಯೇ ಗತಿ. ಅಲ್ಯುಮಿನಿಯಂ ಕುಕ್ಕರ್ ಕಪ್ಪಾಗುತ್ತದೆ. ನೆಂಟರು ಹದಿನೈದು ಜನ ಬಂದರೆ ನಾವು ಬಾಳೆಲೆ ಹಾಕುತ್ತೇವೆ, ತಟ್ಟೆಯೇ ಇರುವುದಿಲ್ಲ, ದೊಡ್ಡ ಪಾತ್ರೆ ಮಾತ್ರ ಉಳಿಯುವುದು. 1886ರಲ್ಲಿ ಅಮೆರಿಕದ ಜೋಸೆಫಿನ್ ಕಾಕ್ರೇನ್ ಇಂಥ ಮೆಷಿನ್‌ಗೆ ಪೇಟೆಂಟ್ ತೆಗೆದದ್ದು ತನ್ನ ಪಿಂಗಾಣಿ ತಟ್ಟೆಗಳ ಅಂಚು ಒಡೆಯಬಾರದು ಎಂದು, ಮೇಲಾರದ ಪಾತ್ರೆಗಲ್ಲ. ರ‍್ಯಾಕ್‌ನ ಹಲ್ಲುಗಳನ್ನು ನೋಡಿದರೆ ಇಂದಿಗೂ ಗೊತ್ತಾಗುತ್ತದೆ. ಚೌಕ ದಿನಾ ತುಂಬುತ್ತದೆ ಎಂದಾದರೆ ಮೆಷಿನ್ ತೆಗೆಯಿರಿ. ಎರಡು ದಿನಕ್ಕೊಮ್ಮೆ ಎಂದಾದರೆ 46ರದ್ದೂ ಜಾಸ್ತಿಯೇ.

92ರಲ್ಲಿ ನಿಜವಾಗಿ ಎಂತ ಉಂಟು? ಜಿಯೋಲೈಟ್ ಒಳ್ಳೆಯದೇ, ಸುಳ್ಳು ಹೇಳುವುದಿಲ್ಲ. ಅದು ತೇವ ಹೀರಿ ಬಿಸಿ ಬಿಡುವ ಖನಿಜ. ಮೆಷಿನ್‌ನ ಅಡಿಯಲ್ಲಿ ಇರುತ್ತದೆ, ಮುಂದಿನ ವಾಶ್‌ನಲ್ಲಿ ಕಾಯಿಸಿದಾಗ ಪುನಃ ಒಣಗಿ ತಯಾರಾಗುತ್ತದೆ. ಜೂನ್ ಜುಲೈಯಲ್ಲಿ ಮಕ್ಕಳ ಪ್ಲಾಸ್ಟಿಕ್ ಬುತ್ತಿಪಾತ್ರೆ ಒಣಗಿ ಬರುವುದು ಅದರಲ್ಲೇ. ಸ್ಟೀಲಿಗೆ ಅದು ಬೇಡ. ಮುಗಿದ ಕೂಡಲೇ ಬಾಗಿಲನ್ನು ಒಂದು ಗೇಣು ತೆರೆದಿಟ್ಟರೆ ಹಬೆ ಹೋಗಿ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಶಬ್ದ ಕಡಿಮೆ ಎನ್ನುವುದೂ ಸರಿ. ಆದರೆ ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ಮಳೆಯ ಶಬ್ದದ ಎದುರು ಯಾರು ಕೇಳುತ್ತಾರೆ? ಫ್ಲ್ಯಾಟಿನವರಿಗೆ ಬೇಕು. ಮೂರನೇ ರ‍್ಯಾಕ್ ಇದ್ದರೆ ಕೆಳಗಿನ ಎತ್ತರ ಕಡಿಮೆಯಾಗುತ್ತದೆ, ಅದನ್ನು ತೆಗೆದಿಡಲು ಬರುತ್ತದಾ ಕೇಳಿ. ವೈಫೈ ಬಗ್ಗೆ ನಾನು ಮಾತಾಡುವುದಿಲ್ಲ. ನಮ್ಮಲ್ಲಿ ಫೋನಿಗೆ ರೇಂಜ್ ಬೇಕಾದರೆ ಅಂಗಳಕ್ಕೆ ಬರಬೇಕು.

ನಾನಾದರೆ 46ರದ್ದು ತೆಗೆದು, ಉಳಿದದ್ದರಲ್ಲಿ ಒಂದು 15 ಸಾವಿರ ಪಂಪಿಗೆ, ಲೈನಿಗೆ, ಅರ್ತಿಗೆ ಹಾಕುತ್ತೇನೆ. ಬಾಕಿಯದ್ದು ಬ್ಯಾಂಕಿನಲ್ಲಿರಲಿ.

ಬ್ರಾಂಡ್ ಜಗಳಕ್ಕೆ ನಾನಿಲ್ಲ. ಎರಡೇ ಮಾತು. ಬಾಷ್ ಬೇಕಾ ಸೀಮೆನ್ಸ್ ಬೇಕಾ ಎಂದು ಕೆಳಗೆ ಕಚ್ಚಾಡುವವರಿಗೆ: ಎರಡೂ ಬಿಎಸ್‌ಎಚ್ ಎಂಬ ಒಂದೇ ಕಂಪೆನಿಯವು. ವೋಲ್ಟಾಸ್ ಬೆಕೊ ಪೂರ್ತಿ ನಮ್ಮ ದೇಶದ್ದು ಎಂದವರಿಗೆ: ಅದು ಟಾಟಾದ ವೋಲ್ಟಾಸ್ ಮತ್ತು ಟರ್ಕಿಯ ಆರ್ಚೆಲಿಕ್ ಜೊತೆ ಸೇರಿ ಮಾಡಿದ್ದು. ಮೀಲೆ ಬಹಳ ಒಳ್ಳೆಯದಿರಬಹುದು. ಆ ದುಡ್ಡು ಕೈಗೆ ಬಂದರೆ ನಾನು ಅಡಿಕೆ ಸುಲಿಯುವ ಮೆಷಿನ್ ನೋಡುತ್ತೇನೆ.

ಬ್ರಾಂಡಿಗಿಂತ ದೊಡ್ಡ ವಿಷಯ ನಮ್ಮ ಕರ್ನಾಟಕ ಕೇರಳ ಗಡಿ. ನಾನು ತೆಗೆದದ್ದು ಮಂಗಳೂರಿನಲ್ಲಿ, ಬಿಲ್ಲು ಕರ್ನಾಟಕದ್ದು. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕನ್ನಡಕ್ಕೆ ಒತ್ತಿದರೆ, ನಿಮ್ಮ ಪಿನ್‌ಕೋಡ್ 671, ಅದು ಕೇರಳ ಸರ್ ಎನ್ನುತ್ತಾರೆ. ಮಲಯಾಳಕ್ಕೆ ಒತ್ತಿದರೆ ಬಿಲ್ಲು ಇಲ್ಲಿಯದ್ದಲ್ಲವಲ್ಲ ಎಂದು ಕೇಳುತ್ತಾರೆ. ಒಂಬತ್ತು ದಿನ ಹೋದದ್ದು ಹಾಗೆ. ದುಡ್ಡು ಕೊಡುವ ಮೊದಲು ನಿಮ್ಮ ಪಿನ್‌ಕೋಡ್ ಹೇಳಿ, ಮೆಕ್ಯಾನಿಕ್ ಯಾವ ಊರಿನಿಂದ ಬರುತ್ತಾನೆ ಎಂದು ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಕಾಸರಗೋಡು ಪೇಟೆಯಲ್ಲೇ ಸ್ವಂತ ಮೆಕ್ಯಾನಿಕ್ ಇಟ್ಟುಕೊಂಡ ಅಂಗಡಿ ಸಿಕ್ಕಿದರೆ ಎರಡು ಸಾವಿರ ಜಾಸ್ತಿಯಾದರೂ ಅಲ್ಲಿಯೇ ತೆಗೆಯಿರಿ.

ನೀರಿನ ಗಡಸುತನ ತೆಗೆಯಲು ಮೆಷಿನ್‌ಗೆ ಹಾಕುವ ಸಾಲ್ಟ್ ಐದು ಕಿಲೋ ಜೊತೆಗೆ ಕೊಡುತ್ತಾರೆ ಎಂದಿದ್ದೀರಿ. ಅಕ್ಕಲಕೋಟೆಯ ಅಕ್ಕ ಸಾಲ್ಟ್ ಇಲ್ಲದೆ ಆಗುವುದೇ ಇಲ್ಲ ಎಂದೂ ಬರೆದಿದ್ದಾರೆ. ಅವರ ಬೋರಿನ ಗಡಸು ನೀರಿಗೆ ಅದು ಸರಿ. ನಮ್ಮ ಮುರಕಲ್ಲಿನ ಬಾವಿ, ಸುರಂಗದ ನೀರು ಮೆದು. ಕೈಗೆ ಸೋಪು ಹಾಕಿದರೆ ತೊಳೆದಷ್ಟೂ ಜಾರುತ್ತದೆಯಲ್ಲ, ಅದೇ ಗುರುತು. ಫಿಟ್ಟಿಂಗ್‌ಗೆ ಬಂದವನು ನನ್ನ ಮೆಷಿನ್‌ನ ಗಡಸುತನದ ಸೆಟ್ಟಿಂಗನ್ನು 4ರಲ್ಲೇ ಬಿಟ್ಟು ಹೋಗಿದ್ದ. ಮೆದು ನೀರು ಇನ್ನೂ ಮೆದುವಾಗಿ, ಆರು ತಿಂಗಳಲ್ಲಿ ಗಾಜಿನ ಲೋಟಗಳಿಗೆಲ್ಲ ಹೊಗೆ ಹಿಡಿದ ಹಾಗೆ ಮಸುಕು. ನಿಮ್ಮಲ್ಲೂ ಹಾಗಾದರೆ ವಿನೆಗರ್‌ನಲ್ಲಿ ಅದ್ದಿ ನೋಡಿ. ಮಸುಕು ಹೋದರೆ ಅದು ಸುಣ್ಣ, ಸಾಲ್ಟ್ ಬೇಕು. ಹೋಗದಿದ್ದರೆ ಮೆದು ನೀರು, ಬಿಸಿ, ಪುಡಿ ಸೇರಿ ಗಾಜನ್ನೇ ತಿಂದಿದೆ, ಹೋದ ಹೊಳಪು ಮತ್ತೆ ಬರುವುದಿಲ್ಲ. ನನ್ನದು ಹೋಗಲಿಲ್ಲ. ಈಗ ಸೆಟ್ಟಿಂಗ್ 0, ಸಾಲ್ಟ್ ಡಬ್ಬಿ ಅಟ್ಟದಲ್ಲಿ. ನಿಮ್ಮದು ಬೋರ್ ಆದರೆ ಬಿಳಿ ಬಕೆಟಿನಲ್ಲಿ ಒಂದು ರಾತ್ರಿ ನೀರಿಟ್ಟು ನೋಡಿ. ಕೆಂಪು ಕೂತರೆ ಕಬ್ಬಿಣದ ಅಂಶ, ಅದಕ್ಕೆ ಸಾಲ್ಟ್ ಮದ್ದಲ್ಲ, ಮೊದಲು ಫಿಲ್ಟರ್ ಹಾಕಿ.

ಮತ್ತೆ, ಪಾತ್ರೆಯನ್ನು ನಳ್ಳಿಯಲ್ಲಿ ತೊಳೆದು ಮೆಷಿನ್‌ಗೆ ಇಡುವವರೇ, ಮೆಷಿನ್ ಎಂತಕ್ಕೆ ತಂದದ್ದು? ಎಂಜಲು, ಕರಿಬೇವು, ಮೆಣಸಿನ ತೊಟ್ಟು ಕೈಯಲ್ಲಿ ಬಳಿದು ತೆಗೆಯಿರಿ, ಸಾಕು. ಆಟೋ ಪ್ರೋಗ್ರಾಮ್ ನೀರಿನ ಕದಡು ನೋಡಿ ಎಷ್ಟು ತೊಳೆಯಬೇಕು ಎಂದು ನಿಶ್ಚಯ ಮಾಡುತ್ತದೆ. ನೀವು ಅರ್ಧ ತೊಳೆದಿಟ್ಟರೆ ಅದೂ ಅರ್ಧಕ್ಕೇ ಕೈ ತೊಳೆದುಕೊಳ್ಳುತ್ತದೆ. ಒಗ್ಗರಣೆಯ ಸಾಸಿವೆ ಮಾತ್ರ ಮೆಷಿನ್‌ನೊಳಗೆ ನೀರು ಚಿಮ್ಮುತ್ತಾ ತಿರುಗುವ ಕೈಯ ತೂತಿನಲ್ಲಿ ಹೋಗಿ ಕೂರುತ್ತದೆ, ಅಳತೆ ತೆಗೆದು ಮಾಡಿದ ಹಾಗೆ. ತಿಂಗಳಿಗೊಮ್ಮೆ ಕೈ ಕಳಚಿ ಹಿಡಿಸೂಡಿಯ ಕಡ್ಡಿಯಲ್ಲಿ ಚುಚ್ಚಿ ತೆಗೆಯಿರಿ. ಗುಜ್ಜೆ (ಎಳೆ ಹಲಸು) ಹಚ್ಚಿದ ಕತ್ತಿ, ಮೇಣ ಹಿಡಿದ ಪಾತ್ರೆ ಯಾವ ಕಾರಣಕ್ಕೂ ಒಳಗೆ ಬೇಡ. ಮೇಣ ಬಿಸಿಗೆ ಕರಗಿ ಫಿಲ್ಟರಿಗೆ ಮೆತ್ತಿದರೆ ನೀರಲ್ಲಿ ಹೋಗುವುದಿಲ್ಲ. ತೆಂಗಿನೆಣ್ಣೆ ಹಾಕಿ ಕೂತು ಉಜ್ಜಿದ್ದೇನೆ, ಅನುಭವ ಉಂಟು. ಬಾಗಿಲಿನೊಳಗಿನ ಬೋರ್ಡಿಗೆ ಇರುವೆ ಗೂಡು ಕಟ್ಟುತ್ತದೆ, ಬೆಲ್ಲ ತುಪ್ಪ ಅದರ ಹತ್ತಿರ ಇಡಬೇಡಿ. ಗೋಡೆಯ ತೂತಿಗೆ ಇಲಿ ಬಾರದ ಹಾಗೆ ತಂತಿಬಲೆ ತುರುಕಿಸಿ.

ಟ್ಯಾಂಕಿನ ಎತ್ತರ, ಸಂಜೆ ಏಳರ ವೋಲ್ಟೇಜ್, ನೀರು ಬಾವಿಯದ್ದಾ ಬೋರಿನದ್ದಾ, ಈ ಮೂರು ಬರೆಯಿರಿ. ಗೋಡೆಗೆ ತೂತು ಹೊಡೆಯುವ ಮೊದಲು ಆ ಜಾಗದ ಒಂದು ಫೋಟೋ ಹಾಕಿ.