ದೋಣಿ ಕೆಟ್ಟ ಆ ಒಂದೂವರೆ ಗಂಟೆ

ನಮಸ್ಕಾರ.

ನೀವು ಕಳಿಸಿದ ‘ವಿಯೆಟ್ನಾಂನಲ್ಲಿ ಹದಿನಾಲ್ಕು ದಿನ’ ಪ್ರವಾಸ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮನ್ನು ಸುಮ್ನೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳುತ್ತಿದ್ದೇನೆ. ಎರಡನೇ ಸಲ ಓದಿದ್ದಕ್ಕೂ ಕಾರಣ ಇದೆ. ಏಳನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ.

ಮೊದಲ ಆರು ಪುಟದಲ್ಲಿ ನೀವು ಬರೀ ಓಡುತ್ತಿದ್ದೀರಿ. ಹನೋಯಿ, ಹಾ ಲಾಂಗ್, ಹುಎ, ಹೋಯಿ ಆನ್, ಸೈಗಾನ್. ಹಾ ಲಾಂಗ್ ಕೊಲ್ಲಿ 1994ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಅಲ್ಲಿ 1,600ರಷ್ಟು ದ್ವೀಪಗಳಿವೆ, ಹೆಸರಿಗೆ ‘ಇಳಿದು ಬಂದ ಡ್ರ್ಯಾಗನ್’ ಅಂತ ಅರ್ಥ. ಎಲ್ಲವೂ ಸರಿ. ಆದರೆ ಇಷ್ಟನ್ನು ಓದುಗರು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಆ ಕೊಲ್ಲಿ ನಿಮಗೆ ‘ಸ್ವರ್ಗವೇ ಧರೆಗಿಳಿದಂತೆ’ ಕಂಡಿತಂತೆ. ಹೋಯಿ ಆನ್‌ನ ದೀಪಗಳು ‘ಕಣ್ಣಿಗೆ ಹಬ್ಬ’. ಈ ಮಾತುಗಳನ್ನು ಕೊಡಚಾದ್ರಿಗೂ ಅಂಟಿಸಬಹುದು, ಊಟಿಗೂ ಅಂಟಿಸಬಹುದು. ಅಲ್ಲಿ ನಿಂತಾಗ ನಿಮ್ಮ ಕಣ್ಣಿಗೆ ಏನು ಬಿತ್ತು ಅಂತ ಮಾತ್ರ ತಿಳಿಯುವುದಿಲ್ಲ.

ನಿಮಗೆ ಬರೆಯಲು ಬರುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಹುಎಯ ಊಟದ ಪ್ಯಾರಾ ನೋಡಿ. ಬರೀ ಸೊಪ್ಪು ಕೇಳಿದರೂ ಅದಕ್ಕೆ ಮೀನಿನ ಸಾಸ್ ಬಿದ್ದಿರುತ್ತದೆ. ಎರಡು ಹೊತ್ತು ಬಾಳೆಹಣ್ಣು ತಿಂದ ಮೇಲೆ ಯಾರೋ ನಿಮಗೆ ‘ಚಾಯ್’ ಅನ್ನುವ ಮಾತು ಹೇಳಿಕೊಟ್ಟರು. ನಮಗೆ ಅದು ಟೀ, ಅವರಿಗೆ ಸಸ್ಯಾಹಾರ. ಅಂಗಡಿಯ ಅಜ್ಜಿ ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಿಟ್ಟು, ಇವತ್ತು ಹುಣ್ಣಿಮೆ, ನಾನೂ ಚಾಯ್ ಅಂತ ಎದೆ ಮುಟ್ಟಿ ತೋರಿಸಿದರು. ಅಲ್ಲಿನ ಬೌದ್ಧರಲ್ಲಿ ಎಷ್ಟೋ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಇದನ್ನು ನೀವು ವಿವರಿಸಲು ಹೋಗಿಲ್ಲ, ಆ ಬೆರಳನ್ನು ತೋರಿಸಿ ಸುಮ್ಮನಾಗಿದ್ದೀರಿ. ಎಷ್ಟು ಚೆನ್ನಾಗಿದೆ!

ಈಗ ಏಳನೇ ಪುಟ. ಸೈಗಾನ್‌ನಲ್ಲಿ 15 ಡಾಲರ್ ಕೊಟ್ಟು ಮೆಕಾಂಗ್ ನದಿಗೆ ಒಂದು ದಿನದ ಟೂರ್ ಹೊರಟಿರಿ. ಮಿನಿಬಸ್ಸು ನಾಲ್ಕು ಹೋಟೆಲ್ ಸುತ್ತಿ ಹತ್ತು ಜನರನ್ನು ತುಂಬಿಕೊಂಡಿತು. ಮೀ ಥೋ ಮುಟ್ಟುವ ಮೊದಲೇ ಕರಕುಶಲ ವಸ್ತುಗಳ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ನಿಂತಿತು. ಆಮೇಲೆ ಬೆನ್ ತ್ರೆಯಲ್ಲಿ ತೆಂಗಿನಕಾಯಿ ಮಿಠಾಯಿ, ಜೇನಿನ ಟೀ, ಕೊರಳಿಗೆ ಹೆಬ್ಬಾವು, ಹಾಡು, ಹಾಡು ಮುಗಿದ ಕೂಡಲೇ ದುಡ್ಡಿನ ಬುಟ್ಟಿ. ಪಟ್ಟಿಯಲ್ಲಿದ್ದ ಸೈಕಲ್ ಸವಾರಿ ಮಾತ್ರ ಇಲ್ಲ. ‘ಗೈಡ್ ಮೋಸ ಮಾಡಿದರು’ ಅಂತ ಎರಡು ಪ್ಯಾರಾ ಸಿಟ್ಟು. ಅದಾದ ಮೇಲೆ ಇಷ್ಟೇ: ‘ವಾಪಸ್ ಬರುವಾಗ ದೋಣಿ ಕೆಟ್ಟು ಒಂದೂವರೆ ಗಂಟೆ ಕಾದೆವು. ಗೈಡ್ ಮಿಠಾಯಿ ಹಂಚಿ ತಮ್ಮ ಕಥೆ ಹೇಳಿದರು. ತುಂಬಾ ಬೇಜಾರಾಯಿತು.’ ಮುಂದಿನ ಸಾಲಿಗೆ ನೀವು ಏರ್‌ಪೋರ್ಟ್‌ನಲ್ಲಿದ್ದೀರಿ.

ಆ ಕಥೆ ಏನು? ನಾನು ಪುಟ ತಿರುವಿ ಹುಡುಕಿದೆ. ಅವರಿಗೆ ಅರವತ್ತು ದಾಟಿರಬಹುದು ಅಂತ ನೀವೇ ಬರೆದಿದ್ದೀರಿ. ಅಂದರೆ 1975ರ ಏಪ್ರಿಲ್ 30ರಂದು ಉತ್ತರ ವಿಯೆಟ್ನಾಂನ ಟ್ಯಾಂಕುಗಳು ಸೈಗಾನ್‌ಗೆ ನುಗ್ಗಿದಾಗ ಅವರು ಹತ್ತು ವರ್ಷದ ಆಸುಪಾಸಿನ ಹುಡುಗ. ಅಪ್ಪ ಯಾವ ಕಡೆಯವರು? ಇಂಗ್ಲಿಷ್ ಎಲ್ಲಿ ಕಲಿತರು? ಸೈಗಾನ್ ಹತ್ತಿರದ, ಯುದ್ಧಕಾಲದ ಕು ಚಿ ಸುರಂಗದ ಪುಟದಲ್ಲಿ ನೀವು ಇನ್ನೊಬ್ಬ ಗೈಡ್ ಬಾಯಲ್ಲಿ ‘ವಿಯೆಟ್ನಾಂ ಯುದ್ಧ’ ಅಂತ ಹೇಳಿಸಿದ್ದೀರಿ. ಅವರು ಅದೇ ಪದ ಬಳಸಿದರಾ? ಅಲ್ಲಿ ಅದನ್ನು ಅಮೆರಿಕದ ವಿರುದ್ಧದ ಯುದ್ಧ ಅನ್ನುವುದೇ ರೂಢಿ. ದಯವಿಟ್ಟು ನೆನಪಿಸಿಕೊಳ್ಳಿ, ಇದು ಸಣ್ಣ ವಿಷಯ ಅಲ್ಲ. ಇನ್ನೊಂದು ತಪ್ಪು: ಆ ಸುರಂಗಗಳನ್ನು ಅಮೆರಿಕನ್ನರು ಬಂದ ಮೇಲೆ ತೋಡಿದ್ದಲ್ಲ. 1940ರ ದಶಕದ ಕೊನೆಗೇ, ಫ್ರೆಂಚರ ಕಾಲದಲ್ಲೇ, ತೋಡಲು ಶುರು ಮಾಡಿದ್ದರು.

ಸಿಟ್ಟನ್ನು ತೆಗೆಯಿರಿ ಅನ್ನುತ್ತಿಲ್ಲ. ಆದರೆ 15 ಡಾಲರ್‌ನಲ್ಲಿ ಬಸ್ಸು, ದೋಣಿ, ಊಟ ಎಲ್ಲ ಹೇಗೆ ಗಿಟ್ಟುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಇಂಥ ಅಗ್ಗದ ಟೂರ್‌ಗಳು ನಡೆಯುವುದೇ ಅಂಗಡಿಯ ಕಮಿಷನ್ ಮೇಲೆ. ಸೈಕಲ್ ಇಲ್ಲ ಅಂತ ಹೇಳುವಾಗ ಗೈಡ್ ಮುಖ ಹೇಗಿತ್ತು? ನಿಮ್ಮ ಕಡೆ ನೋಡಿದರಾ, ನದಿಯ ಕಡೆ ನೋಡಿದರಾ?

ಜೊತೆಗಿದ್ದವರ ವಿಷಯವೂ ಹಾಗೇ. ‘ಜರ್ಮನ್ ಹುಡುಗ’, ‘ಡಚ್ ಹೆಂಗಸು’, ‘ಇಸ್ರೇಲಿ ಜೋಡಿ’. ಅವರ ಪಾಸ್‌ಪೋರ್ಟ್ ಕಂಡಿತು, ಮನುಷ್ಯರು ಕಾಣಲಿಲ್ಲ. ಒಂದೇ ಕಡೆ ಒಬ್ಬರು ಕಂಡರು. ಆ ಜರ್ಮನ್ ಹುಡುಗ ಮಿಠಾಯಿ ಅಂಗಡಿಯಲ್ಲಿ 20,000 ಡಾಂಗ್ ಅಂತ 5,00,000ದ ನೋಟು ಕೊಟ್ಟುಬಿಟ್ಟ. ಎರಡೂ ನೀಲಿ, ಅವಸರದಲ್ಲಿ ಯಾರಿಗಾದರೂ ತಪ್ಪುತ್ತದೆ. ಅಂಗಡಿಯಾಕೆ ನೋಟು ಹಿಡಿದುಕೊಂಡು ದೋಣಿಯವರೆಗೂ ಓಡಿ ಬಂದರು. ಮೋಸಕ್ಕೆ ಎರಡು ಪ್ಯಾರಾ ಕೊಟ್ಟ ನೀವು ಇದಕ್ಕೆ ಕೊಟ್ಟದ್ದು ಒಂದು ಸಾಲು! ಓದುವಾಗ ನನಗೆ ನಿಜವಾಗಿಯೂ ಬೇಸರವಾಯಿತು.

ಮೀ ಸನ್ ದೇವಾಲಯಗಳ ಪ್ಯಾರಾ ಇಲ್ಲಿ ಬೇಡ. ನೀವು ಬಾಗಲಕೋಟೆಯವರು, ಪಟ್ಟದಕಲ್ಲು ನೋಡಿ ಬೆಳೆದವರು. ಹಿಂದೆ ಅಲ್ಲಿ ಆಳಿದ ಚಂಪಾ ಅರಸರ ಇಟ್ಟಿಗೆಯ ಶಿವಾಲಯಗಳನ್ನು, ಪಕ್ಕದಲ್ಲೇ 1969ರ ಬಾಂಬ್ ಬಿದ್ದ ಗುಂಡಿಗಳನ್ನು ಮೂರು ಸಾಲಿನಲ್ಲಿ ಮುಗಿಸಬಾರದು. ಅದನ್ನು ಬೇರೆಯಾಗಿ ಬರೆಸಿಕೊಳ್ಳುತ್ತೇನೆ.

ಈಗ ಮೆಕಾಂಗ್‌ನ ಒಂದು ದಿನ ಮಾತ್ರ ಬರೆಯಿರಿ. 1,200 ಪದ ಸಾಕು. ಅಜ್ಜಿಯ ಪ್ಯಾರಾ ಕೂಡ ಎತ್ತಿಡಿ, ಕಳೆಯಬೇಡಿ. ಮಿನಿಬಸ್ಸಿನಿಂದ ಶುರು ಮಾಡಿ, ಅಂಗಡಿ, ಹೆಬ್ಬಾವುಗಳನ್ನು ಬೇಗ ದಾಟಿ, ಇಂಜಿನ್ ನಿಂತ ಮೇಲೆ ನಿಧಾನ ಮಾಡಿ. ಮಿಠಾಯಿಗೆ ಸುತ್ತಿದ ತೆಳು ಅಕ್ಕಿ ಹಾಳೆಯನ್ನು ಬಿಸಾಡದೆ ತಿನ್ನಬೇಕು ಅಂತ ಗೈಡ್ ಹೇಳಿದಾಗ ಯಾರು ಯಾರು ಅದನ್ನು ಆಗಲೇ ನೀರಿಗೆ ಎಸೆದಿದ್ದರು, ಅಂಥದ್ದೆಲ್ಲ ಬೇಕು. ಇನ್ನೊಂದು ದೋಣಿ ಬಂದು ಹಗ್ಗ ಕಟ್ಟಿದಲ್ಲಿಗೆ ನಿಲ್ಲಿಸಿದರೆ ಸಾಕು.

ತಿಂಗಳೊಳಗೆ ಕಳಿಸಿ. ನಡುವೆ ಏನಾದರೂ ತೊಡಕಾದರೆ ಫೋನ್ ಮಾಡಿ, ಸಂಜೆ 4ರ ಮೇಲೆ ನಾನು ಕಚೇರಿಯಲ್ಲೇ ಇರುತ್ತೇನೆ.

ವಿಶ್ವಾಸದಿಂದ,
ಸಂಪಾದಕ